ಡೋನಟ್ ಅಂಗಡಿಗೆ ಹೋಗ್ತಿದ್ದೀರಾ? ಮೊದಲು ಗಡಿಯಾರ ನೋಡಿ, ಆಮೇಲೆ ಮೆನು ನೋಡಿ

ಅಕ್ಕಪಕ್ಕದವರೆಲ್ಲ ಹೊಗಳುವ ಡೋನಟ್ ಅಂಗಡಿ ಒಂದಿದೆ, ನೀವು ಇನ್ನೂ ಹೋಗಿಲ್ಲ. ಫೋಟೊಗಳನ್ನು ನೋಡಿ ಯಾವುದು ಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೀರಿ. ರಜೆ ದಿನ ಆರಾಮಾಗಿ ಎದ್ದು, ಊಟ ಮುಗಿಸಿ, ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಹೋಗುತ್ತೀರಿ. ಅರ್ಧ ಟ್ರೇಗಳು ಖಾಲಿ. ಉಳಿದದ್ದರಲ್ಲಿ ಬಣ್ಣ ಚೆನ್ನಾಗಿರುವ ಒಂದನ್ನು ತಿಂದು, ಜನ ಇಷ್ಟೊಂದು ಹೊಗಳೋದು ಯಾಕೆ ಅಂತ ಅಂದುಕೊಂಡು ವಾಪಸ್ ಬರುತ್ತೀರಿ. ಬಹಳ ಜನರ ಮೊದಲ ಭೇಟಿ ಹೀಗೇ ಮುಗಿಯುತ್ತದೆ.

ತಪ್ಪು ಅಂಗಡಿಯದ್ದಲ್ಲ, ಹೊತ್ತಿನದ್ದು. ಮೇಲೆ ಏನು ಸುರಿದಿದ್ದಾರೆ ಅನ್ನುವುದಕ್ಕಿಂತ, ಎಣ್ಣೆಯಿಂದ ಎದ್ದು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಡೋನಟ್ ರುಚಿ ನಿಂತಿದೆ. ಒಂದು ಗಂಟೆ ಹಿಂದೆ ಮಾಡಿದ ಸಾದಾ ಡೋನಟ್ ಮುಂದೆ ಎಂಟು ಗಂಟೆ ಹಳೆಯ ಅಲಂಕಾರದ ಡೋನಟ್ ನಿಲ್ಲೋದಿಲ್ಲ. ಇದೊಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಕೆಳಗೆ ಹೇಳಿರೋದೆಲ್ಲ ತಾನಾಗೇ ಅರ್ಥವಾಗುತ್ತದೆ.

ಹೆಜ್ಜೆ 1: ಯಾವ ಹೊತ್ತಿಗೆ ಹೋಗಬೇಕು

ಇದಕ್ಕೆ ಅಡುಗೆಮನೆಯಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ಡೋನಟ್‌ನಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ಯೀಸ್ಟ್ ಹಾಕಿ ಉಬ್ಬಿಸಿದ್ದು. ಇನ್ನೊಂದು ಬೇಕಿಂಗ್ ಪೌಡರ್ ಹಾಕಿದ ಕೇಕ್ ಡೋನಟ್.

ಯೀಸ್ಟ್ ಹಿಟ್ಟಿಗೆ ಪುರುಸೊತ್ತು ಬೇಕು. ಕಲಸಬೇಕು, ಉಬ್ಬಲು ಬಿಡಬೇಕು, ಲಟ್ಟಿಸಿ ಕತ್ತರಿಸಬೇಕು, ಬೆಚ್ಚಗೆ ತೇವವಾಗಿರುವ ಪೆಟ್ಟಿಗೆಯಂಥ ಜಾಗದಲ್ಲಿಟ್ಟು ಮತ್ತೊಮ್ಮೆ ಉಬ್ಬಿಸಬೇಕು, ಆಮೇಲೆ ಕರಿಯಬೇಕು. ಕರಿಯುವ ಕೆಲಸ ಒಂದೊಂದು ಬದಿಗೆ ಸುಮಾರು ಒಂದು ನಿಮಿಷ ಅಷ್ಟೆ, ಅದಕ್ಕೆ ಮುಂಚಿನ ಕಾಯುವಿಕೆಗೆ ಗಂಟೆಗಳು ಬೇಕು. ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುವ ಅಂಗಡಿಯವರು ನಡುರಾತ್ರಿಯಲ್ಲೋ ಅದಾಗಿ ಸ್ವಲ್ಪ ಹೊತ್ತಿಗೋ ಕೆಲಸ ಶುರು ಮಾಡಿರೋದು ಇದಕ್ಕೇ. ಎಷ್ಟು ಹಿಟ್ಟು ಅಂತ ರಾತ್ರಿಯೇ ನಿರ್ಧಾರವಾಗಿಬಿಟ್ಟಿರುತ್ತದೆ. ಹತ್ತು ಗಂಟೆಗೆ ಜನ ಜಾಸ್ತಿ ಬಂದರು ಅಂತ ತಕ್ಷಣ ಇನ್ನೊಂದು ಟ್ರೇ ಯೀಸ್ಟ್ ಡೋನಟ್ ಮಾಡಿಕೊಡೋಕೆ ಆಗೋದಿಲ್ಲ. ಸಣ್ಣ ಅಂಗಡಿಗಳು ಮಧ್ಯಾಹ್ನದೊಳಗೆ "ಮುಗೀತು" ಅಂತ ಬೋರ್ಡ್ ಹಾಕಿದರೆ ಅದು ದೊಡ್ಡಸ್ತಿಕೆ ಅಲ್ಲ. ನಿಜವಾಗಿಯೂ ಮುಗಿದಿರುತ್ತದೆ.

ಕೇಕ್ ಡೋನಟ್ ಹಾಗಲ್ಲ. ಹಿಟ್ಟು ಕಲಸಿ ಸ್ವಲ್ಪ ಹೊತ್ತು ಬಿಟ್ಟು, ನೇರವಾಗಿ ಎಣ್ಣೆಗೆ ಬಿಡಬಹುದು. ದಿನದ ನಡುವೆ ಇನ್ನೊಂದು ಬ್ಯಾಚ್ ಮಾಡೋದು ಸುಲಭ. ಜೊತೆಗೆ ಅದರ ಹಿಟ್ಟಿನಲ್ಲಿ ಸಕ್ಕರೆ, ಕೊಬ್ಬು ಜಾಸ್ತಿ ಇರೋದರಿಂದ ಅದು ಬೇಗ ಒಣಗೋದೂ ಇಲ್ಲ.

ಹಾಗಾಗಿ ಲೆಕ್ಕ ಸರಳ. ಬೇಗ ಹೋದರೆ ಯೀಸ್ಟ್ ಡೋನಟ್ ತಗೊಳ್ಳಿ, ತಡವಾದರೆ ಕೇಕ್ ಡೋನಟ್ ತಗೊಳ್ಳಿ. ಬಾಗಿಲು ತೆರೆದ ಮೊದಲ ಒಂದೂವರೆ ಗಂಟೆ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲೂ ವಾರದ ನಡುವಿನ ದಿನ. ಶನಿವಾರ, ಭಾನುವಾರ ಎಂಟರಿಂದ ಹತ್ತೂವರೆವರೆಗೆ ಎಲ್ಲರೂ ಅಲ್ಲೇ ಇರುತ್ತಾರೆ. ಆ ದಿನಗಳಲ್ಲೇ ಹೋಗಬೇಕು ಅಂದರೆ ಒಂದೋ ಬಾಗಿಲು ತೆರೆಯುವಾಗಲೇ ಹೋಗಿ, ಇಲ್ಲಾ ಫೋನ್ ಮಾಡಿ ಮುಂಚೆ ಹೇಳಿಡಿ.

ಇನ್ನೊಂದು ಮಾತು. ಕೆಲವು ಅಂಗಡಿಗಳು ದಿನವಿಡೀ ಚಿಕ್ಕ ಚಿಕ್ಕ ಬ್ಯಾಚ್ ಮಾಡುತ್ತವೆ, ಅಲ್ಲಿ ಮಧ್ಯಾಹ್ನವೂ ಬಿಸಿ ಸಿಗಬಹುದು. ನಿಮ್ಮ ಅಂಗಡಿ ಯಾವ ಥರದ್ದು ಅಂತ ತಿಳಿಯೋಕೆ ಒಂದೇ ದಾರಿ, ಕೇಳೋದು. "ಗ್ಲೇಜ್ ಹಾಕಿದ್ದು ಎಷ್ಟು ಗಂಟೆಗೆ ಬರುತ್ತೆ?" ಅಂತ ಕೇಳಿ (ಗ್ಲೇಜ್ ಅಂದರೆ ಮೇಲೆ ಸುರಿಯುವ ತೆಳು ಸಕ್ಕರೆ ಪಾಕ). ದಿನಾ ಆ ಕೆಲಸ ಮಾಡುವವರಿಗೆ ಈ ಪ್ರಶ್ನೆ ಖುಷಿ ಕೊಡುತ್ತದೆ, ನಿಜವಾಗಿಯೂ.

ಹೆಜ್ಜೆ 2: ಮನೆ ಬಿಡುವ ಮುನ್ನ

ಒಂದು ಡಜನ್‌ಗಿಂತ ಜಾಸ್ತಿ ಬೇಕಿದ್ದರೆ ಹಿಂದಿನ ದಿನವೇ ಫೋನ್ ಮಾಡಿ. ಇದು ನಿಮ್ಮ ಅನುಕೂಲಕ್ಕೆ ಮಾತ್ರ ಅಲ್ಲ. ಬೆಳಗ್ಗೆ ಏಳಕ್ಕೆ ಬಂದು ನಾಲ್ಕು ಡಜನ್ ಎತ್ತಿಕೊಂಡು ಹೋದರೆ ನಿಮ್ಮ ಹಿಂದೆ ನಿಂತ ಹದಿನೈದು ಜನಕ್ಕೆ ಏನೂ ಉಳಿಯೋದಿಲ್ಲ. ಮುಂಚೆ ಹೇಳಿದರೆ ಅಷ್ಟು ಹಿಟ್ಟು ಜಾಸ್ತಿ ಕಲಸುತ್ತಾರೆ, ಎಲ್ಲರಿಗೂ ಸಿಗುತ್ತದೆ.

ಚಿಲ್ಲರೆ ಇಟ್ಟುಕೊಳ್ಳಿ. ಕೆಲವು ಸಣ್ಣ ಅಂಗಡಿಗಳು ಈಗಲೂ ನಗದು ಮಾತ್ರ ತಗೊಳ್ಳುತ್ತವೆ.

ತಿನ್ನುವವರಲ್ಲಿ ಯಾರಿಗೆ ಏನು ಆಗಿಬರೋದಿಲ್ಲ ಅಂತ ಪಟ್ಟಿ ಮಾಡಿಕೊಳ್ಳಿ. ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ, ಆದರೆ ಡೋನಟ್ ಅಂಗಡಿಯಲ್ಲಿ ಇದು ನಿಜವಾಗಿಯೂ ಮುಖ್ಯ. ಗೋಧಿ ಅಂತೂ ಇದ್ದೇ ಇರುತ್ತದೆ. ಹಾಲು, ಬೆಣ್ಣೆ ಸಾಮಾನ್ಯ. ಬಹಳಷ್ಟು ಹಿಟ್ಟುಗಳಲ್ಲಿ ಮೊಟ್ಟೆ ಇರುತ್ತದೆ. ಯೀಸ್ಟ್ ಡೋನಟ್ ನೋಡೋಕೆ ಬನ್ನಿನ ಥರ ಇದೆ, ಮೊಟ್ಟೆ ಇರಲಿಕ್ಕಿಲ್ಲ ಅಂತ ಅಂದುಕೊಳ್ಳಬೇಡಿ. ಕ್ರಲರ್ ಅಂತ ಕರೆಯುವ ಸುರುಳಿ ಡೋನಟ್ ನಿಂತಿರೋದೇ ಮೊಟ್ಟೆಯ ಮೇಲೆ. ಕಸ್ಟರ್ಡ್‌ನಲ್ಲೂ ಮೊಟ್ಟೆ ಇರಬಹುದು. ಮೇಲೆ ಮಾರ್ಷ್‌ಮ್ಯಾಲೊ, ಅಂದರೆ ಹತ್ತಿಯಂತೆ ಮೆತ್ತಗಿರುವ ಸಿಹಿ ತುಂಡು, ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಕರಿಯುವ ಕೊಬ್ಬು ಹೆಚ್ಚಿನ ಕಡೆ ಸಸ್ಯದ್ದೇ, ಆದರೆ ಪ್ರಾಣಿಯ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳೂ ಇವೆ. ಸಸ್ಯಾಹಾರಿಗಳು ಸಂಕೋಚ ಬಿಟ್ಟು ಕೇಳಬೇಕು. ಕೇಳುವಾಗ "ಇದು ವೆಜ್ ಅಲ್ವಾ?" ಅಂತ ಕೇಳಬೇಡಿ, ಗಡಿಬಿಡಿಯಲ್ಲಿ ಹೌದು ಅಂತ ಉತ್ತರ ಬಂದುಬಿಡುತ್ತದೆ. "ಹಿಟ್ಟಿನಲ್ಲಿ ಮೊಟ್ಟೆ ಇದೆಯಾ? ಯಾವ ಎಣ್ಣೆಯಲ್ಲಿ ಕರೀತೀರಿ?" ಅಂತ ಬಿಡಿಸಿ ಕೇಳಿ.

ಕಡಲೆಕಾಯಿ, ಬಾದಾಮಿ ಇವುಗಳ ಅಲರ್ಜಿ ಇರುವವರಿಗೆ ಇನ್ನೂ ಎಚ್ಚರ ಬೇಕು. ಎಲ್ಲ ಡೋನಟ್‌ಗಳೂ ಒಂದೇ ಫ್ರೈಯರ್‌ನಿಂದ, ಒಂದೇ ಮೇಜಿನಿಂದ, ಅದೇ ಕೈಗಳಿಂದ ಬರುತ್ತವೆ. ನಿಮ್ಮ ಡೋನಟ್ ಮೇಲೆ ಬೀಜ ಇಲ್ಲ ಅಂದಮಾತ್ರಕ್ಕೆ ಬೀಜದ ಪುಡಿ ತಗುಲಿಲ್ಲ ಅಂತ ಯಾರೂ ಹೇಳೋಕೆ ಆಗೋದಿಲ್ಲ. ಅಲರ್ಜಿ ತೀವ್ರವಾಗಿದ್ದರೆ ಅಂಗಡಿಯವರ ಉತ್ತರ ಅಸ್ಪಷ್ಟವಾಗಿರುವ ಕಡೆ ತಿನ್ನದೇ ಇರೋದೇ ಸರಿ.

ಹೆಜ್ಜೆ 3: ಕ್ಯೂನಲ್ಲಿ ನಿಂತಾಗ ಸುಮ್ನೆ ನಿಲ್ಲಬೇಡಿ

ಕ್ಯೂನಲ್ಲಿ ನಿಂತ ಹೊತ್ತಿನಲ್ಲಿ ಮಾಡುವ ಕೆಲಸ ಬಹಳ ಇದೆ. ಮೊದಲು ಮೂಗು. ಒಳಗೆ ಕಾಲಿಟ್ಟ ಕೂಡಲೇ ಸಕ್ಕರೆ, ಯೀಸ್ಟ್, ಸ್ವಲ್ಪ ವೆನಿಲಾ ವಾಸನೆ ಬಂದರೆ ಒಳ್ಳೆಯ ಲಕ್ಷಣ. ಬಟ್ಟೆಗೆ ಅಂಟಿಕೊಳ್ಳುವಂಥ ಕಮಟು ಎಣ್ಣೆ ವಾಸನೆ ಬಂದರೆ ಎಣ್ಣೆ ಬದಲಾಯಿಸಿ ಬಹಳ ದಿನ ಆಗಿದೆ ಅಂತ ಅರ್ಥ. ಎಣ್ಣೆ ಹಳೆಯದಾದರೆ ಎಷ್ಟೇ ಚಾಕೊಲೇಟ್ ಬಳಿದರೂ ಆ ರುಚಿ ಕೊನೆಗೆ ನಾಲಗೆಯ ಹಿಂದೆ ಉಳಿದೇ ಉಳಿಯುತ್ತದೆ.

ಆಮೇಲೆ ಕಣ್ಣು. ಯಾವ ಟ್ರೇ ಬೇಗ ಬೇಗ ಖಾಲಿಯಾಗಿ ಒಳಗಿನಿಂದ ಹೊಸದು ಬರ್ತಿದೆ ನೋಡಿ. ಅದೇ ನಿಮ್ಮ ಡೋನಟ್. ಪ್ರತಿ ಡೋನಟ್ ಅಂಗಡಿಗೂ ಒಂದು ಕೈ ಹಿಡಿದ ಐಟಂ ಇರುತ್ತದೆ, ದಿನಾ ಬರುವವರು ಅದನ್ನೇ ತಗೊಳ್ಳೋದು, ಹೆಸರನ್ನೂ ಹೇಳದೆ ಬೆರಳು ತೋರಿಸಿ "ಎರಡು" ಅನ್ನುತ್ತಾರೆ. ಅವರನ್ನು ಗಮನಿಸಿ.

ಅಡುಗೆಮನೆ ಕಾಣುವ ಕಿಟಕಿ ಇದ್ದರೆ ಅದರ ಪಕ್ಕ ನಿಲ್ಲಿ. ಹೀಗೆ ತಯಾರಿಯನ್ನೇ ತೋರಿಸಿ ಜನರನ್ನು ಸೆಳೆಯುವ ಉಪಾಯ ಹಳೆಯದು. ನ್ಯೂಯಾರ್ಕ್‌ನಲ್ಲಿ ಬೇಕರಿ ಇಟ್ಟಿದ್ದ ಅಡಾಲ್ಫ್ ಲೆವಿಟ್ 1920ರಲ್ಲಿ ಡೋನಟ್ ಮಾಡುವ ಯಂತ್ರ ತಯಾರಿಸಿದಾಗ, ಡೋನಟ್‌ಗಳು ಎಣ್ಣೆಯಲ್ಲಿ ತೇಲಿ ತಾವಾಗೇ ಮಗುಚಿಕೊಂಡು ಹೊರಬರೋದನ್ನು ನೋಡೋಕೆ ಜನ ಮುಗಿಬೀಳುತ್ತಿದ್ದರು. ಇವತ್ತಿಗೂ ಅದು ನೋಡುವಂಥದ್ದೇ. ಹಿಟ್ಟಿನ ಬಳೆ ಎಣ್ಣೆಗೆ ಬೀಳುತ್ತದೆ, ಒಂದು ಕ್ಷಣ ಮುಳುಗುತ್ತದೆ, ಮೇಲೆ ಬಂದು ಅರ್ಧ ಮೈ ಹೊರಗಿಟ್ಟು ತೇಲುತ್ತದೆ, ಸುತ್ತ ಸಣ್ಣ ಗುಳ್ಳೆಗಳು. ಉದ್ದ ಕಡ್ಡಿಯಿಂದ ಒಂದು ತಟ್ಟು ತಟ್ಟಿದರೆ ಮಗುಚುತ್ತದೆ, ಆಗಲೇ ಹೊಂಬಣ್ಣ ಬಂದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಕಾಯುವ ಹೊತ್ತು ಇಲ್ಲೇ ಕಳೆದುಹೋಗುತ್ತದೆ.

ಕೌಂಟರ್ ಮುಟ್ಟುವ ಹೊತ್ತಿಗೆ ಮುಕ್ಕಾಲು ಭಾಗ ತೀರ್ಮಾನ ಆಗಿರಲಿ. ಹಿಂದೆ ಜನ ನಿಂತಿರುವಾಗ ಮನೆಗೆ ವಿಡಿಯೊ ಕಾಲ್ ಮಾಡಿ ಒಂದೊಂದೇ ಟ್ರೇ ತೋರಿಸೋದು ಬೇಡ, ದಯವಿಟ್ಟು.

ಹೆಜ್ಜೆ 4: ಗಾಜಿನ ಹಿಂದೆ ಇರೋದು ಏನು

ಹೆಸರುಗಳ ರಾಶಿ ನೋಡಿ ಗಾಬರಿಯಾಗಬೇಡಿ. ಐವತ್ತು ಹೆಸರು ಇದ್ದರೂ ಒಳಗಿನ ಹಿಟ್ಟು ನಾಲ್ಕೈದು ಥರದ್ದೇ, ಉಳಿದದ್ದು ಮೇಲಿನ ಬಣ್ಣ.

ಗ್ಲೇಜ್ ಹಾಕಿದ ಯೀಸ್ಟ್ ಡೋನಟ್ ಮೊದಲನೆಯದು. ಸಕ್ಕರೆ ಪುಡಿಯನ್ನು ನೀರಿನಲ್ಲೋ ಹಾಲಿನಲ್ಲೋ ಕದಡಿದ ತೆಳು ಪಾಕ, ಬಿಸಿ ಇರುವಾಗಲೇ ಮೇಲೆ ಸುರಿದದ್ದು. ಬಿಸಿಗೆ ಪಾಕ ಹರಿದು ತೆಳ್ಳಗಾಗಿ, ಆರಿದ ಮೇಲೆ ಗಾಜಿನ ಪೊರೆಯಂತೆ ನಿಲ್ಲುತ್ತದೆ. ಮೊದಲ ಸಲ ಹೋದಾಗ ಇದನ್ನು ತಗೊಳ್ಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇದರಲ್ಲಿ ಬಚ್ಚಿಡೋಕೆ ಏನೂ ಇಲ್ಲ. ಹಿಟ್ಟು ಸರಿ ಉಬ್ಬಿಲ್ಲ, ಎಣ್ಣೆ ಸರಿಯಿಲ್ಲ, ಬೆಳಗಿನದ್ದಲ್ಲ ನಿನ್ನೆಯದು, ಎಲ್ಲ ಒಂದೇ ತುತ್ತಿನಲ್ಲಿ ಗೊತ್ತಾಗುತ್ತದೆ. ಇದು ಚೆನ್ನಾಗಿದ್ದರೆ ಆ ಅಂಗಡಿಯ ಉಳಿದದ್ದನ್ನೂ ನಂಬಬಹುದು.

ಕೇಕ್ ಡೋನಟ್ ಗಟ್ಟಿ, ಪುಡಿಪುಡಿ, ಹೊಟ್ಟೆ ತುಂಬಿಸುವಂಥದ್ದು. ಕಾಫಿಯಲ್ಲಿ ಅದ್ದಿ ತಿನ್ನೋಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ, ಯೀಸ್ಟ್‌ದು ಅದ್ದಿದರೆ ಮುದ್ದೆಯಾಗುತ್ತದೆ. ಇದೇ ಕುಲದ ಓಲ್ಡ್ ಫ್ಯಾಷನ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಹಿಟ್ಟಿಗೆ ಮಜ್ಜಿಗೆಯೋ ಹುಳಿ ಕೆನೆಯೋ ಸೇರಿರುತ್ತದೆ, ಎಣ್ಣೆಯ ಕಾವು ಬೇರೆಯದಕ್ಕಿಂತ ಕಡಿಮೆ ಇಟ್ಟು ನಿಧಾನಕ್ಕೆ ಕರಿಯುತ್ತಾರೆ. ಆ ನಿಧಾನಕ್ಕೆ ಮೇಲ್ಮೈ ಬಿರಿದು ಹೂವಿನ ಎಸಳಿನ ಹಾಗೆ ತೆರೆದುಕೊಳ್ಳುತ್ತದೆ. ಬಿರುಕಿನ ಅಂಚೆಲ್ಲ ಗರಿಗರಿ, ಒಳಗೆ ಮೆತ್ತಗೆ, ಸಂದಿಗಳಲ್ಲಿ ಗ್ಲೇಜ್ ಇಳಿದು ಕೂತಿರುತ್ತದೆ. ಮೊದಲು ಆ ಅಂಚನ್ನು ಮುರಿದು ತಿಂದು ನೋಡಿ. ಸಣ್ಣ ಹುಳಿ ಇರುವುದರಿಂದ ಸಿಹಿ ಮುಖಕ್ಕೆ ಹೊಡೆಯೋದಿಲ್ಲ. ಮಧ್ಯಾಹ್ನ ಹೋದವರಿಗೂ ಇದು ಮೋಸ ಮಾಡೋದಿಲ್ಲ.

ಕ್ರಲರ್ ಬೇರೆಯೇ ಜಾತಿ. ನೀರು, ಬೆಣ್ಣೆ ಕುದಿಸಿ ಅದರಲ್ಲಿ ಹಿಟ್ಟು ಬೇಯಿಸಿ, ಆಮೇಲೆ ಮೊಟ್ಟೆ ಒಂದೊಂದಾಗಿ ಸೇರಿಸಿ ಮಾಡಿದ್ದು. ಯೀಸ್ಟೂ ಇಲ್ಲ, ಬೇಕಿಂಗ್ ಪೌಡರೂ ಬೇಕಿಲ್ಲ, ಒಳಗಿನ ನೀರು ಆವಿಯಾಗಿಯೇ ಉಬ್ಬಿಸುತ್ತದೆ. ಕೈಯಲ್ಲಿ ಹಿಡಿದರೆ ಭಾರವೇ ಇರೋದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಗರಿಗರಿ ಹೋಗಿ ತೊಗಲಿನಂತಾಗುತ್ತದೆ. ಕ್ರಲರ್ ಬೆಳಗ್ಗೆ ಮಾತ್ರ, ಅಲ್ಲೇ ನಿಂತು ತಿನ್ನುವುದಾದರೆ ಮಾತ್ರ.

ಒಳಗೆ ತುಂಬಿಸಿದವು, ಅಂದರೆ ಜ್ಯಾಮ್, ಕಸ್ಟರ್ಡ್, ಕ್ರೀಂ ಇರುವವು, ತೂತಿಲ್ಲದ ಯೀಸ್ಟ್ ಡೋನಟ್‌ಗಳು. ಕರಿದು ಆರಿದ ಮೇಲೆ ಪಕ್ಕದಿಂದ ಚುಚ್ಚಿ ತುಂಬುತ್ತಾರೆ. ಆ ಚುಚ್ಚಿದ ಜಾಗ ಎಲ್ಲಿದೆ ಅಂತ ನೋಡಿಕೊಂಡು ಅದೇ ಬದಿಯಿಂದ ತಿನ್ನೋಕೆ ಶುರು ಮಾಡಿ. ಎದುರು ಬದಿಯಿಂದ ಕಚ್ಚಿದರೆ ಒಳಗಿರೋದೆಲ್ಲ ಆ ತೂತಿನಿಂದ ನಿಮ್ಮ ಅಂಗಿಯ ಮೇಲೆ ಬರುತ್ತದೆ.

ತೂತಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಹ್ಯಾನ್ಸನ್ ಗ್ರೆಗರಿ ಅನ್ನುವ ಅಮೆರಿಕದ ಹಡಗಿನ ಕಪ್ತಾನ, 1847ರಲ್ಲಿ ತಾನು ಹುಡುಗನಾಗಿದ್ದಾಗ ಹಡಗಿನಲ್ಲಿ ಮೊದಲ ಸಲ ನಡುವೆ ತೂತು ಮಾಡಿದ್ದು ತಾನೇ ಅಂತ ಹೇಳಿಕೊಂಡಿದ್ದ. ಅಂಚು ಬೆಂದರೂ ನಡು ಹಸಿಯಾಗೇ ಉಳಿಯುತ್ತಿತ್ತು ಅನ್ನೋದು ಅವನ ತಕರಾರು. ಮೊದಲಿಗ ಅವನೇನಾ ಅನ್ನುವ ಚರ್ಚೆ ಏನೇ ಇರಲಿ, ಕಾರಣ ಮಾತ್ರ ಸರಿ. ತೂತಿದ್ದರೆ ಬಿಸಿ ಎರಡೂ ಕಡೆಯಿಂದ ಒಳಗೆ ಹೋಗುತ್ತದೆ, ಬೇಗ ಒಂದೇ ಸಮ ಬೇಯುತ್ತದೆ.

ಫ್ರಿಟರ್ ಅಂದರೆ ಯೀಸ್ಟ್ ಹಿಟ್ಟಿನ ತುಂಡುಗಳನ್ನು ಸೇಬು, ಚಕ್ಕೆಪುಡಿ ಜೊತೆ ಕೊಚ್ಚಿ ಗುಡ್ಡೆ ಮಾಡಿ ಕರಿದದ್ದು. ಆಕಾರ ಇಲ್ಲ, ತಟ್ಟೆಯಷ್ಟು ದೊಡ್ಡದಿರುತ್ತದೆ. ಒಬ್ಬರಿಗೆ ಒಂದು ತಗೊಳ್ಳಬೇಡಿ, ಇಬ್ಬರಿಗೋ ಮೂವರಿಗೋ ಒಂದು ಸಾಕು.

ಮೇಲೆ ಬಿಸ್ಕತ್ತು, ಚಾಕೊಲೇಟ್ ತುಂಡು, ಬಣ್ಣದ ಕಾಳು ಎಲ್ಲ ಸುರಿದ ಎತ್ತರದವು ಫೋಟೊದಲ್ಲಿ ಚೆಂದ. ಮಕ್ಕಳಿಗೆ ಒಂದು ತಗೊಳ್ಳಿ, ಖುಷಿಪಡುತ್ತಾರೆ. ಅಂಗಡಿಯ ಕೈಗುಣ ಮಾತ್ರ ಅದರಿಂದ ತಿಳಿಯೋದಿಲ್ಲ.

ಹೆಜ್ಜೆ 5: ನೋಡಿಯೇ ತಾಜಾ ಗುರುತಿಸೋದು

ಇದು ನನಗೆ ಬಹಳ ಇಷ್ಟದ ಭಾಗ, ಯಾಕೆಂದರೆ ಸ್ವಲ್ಪ ಅಭ್ಯಾಸವಾದರೆ ಗಾಜಿನ ಈಚೆಯಿಂದಲೇ ಎಲ್ಲ ಗೊತ್ತಾಗುತ್ತದೆ.

ಯೀಸ್ಟ್ ಡೋನಟ್ ಅನ್ನು ಪಕ್ಕದಿಂದ ನೋಡಿ. ಮೇಲೂ ಕೆಳಗೂ ಹೊಂಬಣ್ಣ, ನಡುವೆ ಸುತ್ತಲೂ ಒಂದು ಬಿಳಿಚಿದ ಪಟ್ಟಿ ಇರಬೇಕು. ಸರಿಯಾಗಿ ಉಬ್ಬಿದ ಹಿಟ್ಟು ಹಗುರವಾಗಿ ಎಣ್ಣೆಯ ಮೇಲೆ ತೇಲುತ್ತದೆ, ಹಾಗಾಗಿ ನಡುಭಾಗ ಎರಡೂ ಸಲ ಎಣ್ಣೆಯಿಂದ ಹೊರಗೇ ಉಳಿಯುತ್ತದೆ. ಆ ಪಟ್ಟಿ ಹುಟ್ಟೋದು ಹೀಗೆ. ಪಟ್ಟಿ ಇಲ್ಲದೆ ಇಡೀ ಡೋನಟ್ ಒಂದೇ ಕಂದು ಬಣ್ಣ ಇದ್ದರೆ ಹಿಟ್ಟು ಭಾರವಾಗಿ ಮುಳುಗಿತ್ತು ಅಂತ, ತಿಂದಾಗ ಗಟ್ಟಿ ಸಿಗುತ್ತದೆ. ಪಟ್ಟಿ ಇದ್ದೂ ಮೇಲ್ಮೈ ಸುಕ್ಕುಗಟ್ಟಿ ಕುಸಿದಿದ್ದರೆ ಹಿಟ್ಟನ್ನು ಮಿತಿ ಮೀರಿ ಉಬ್ಬಲು ಬಿಟ್ಟಿದ್ದಾರೆ.

ಗ್ಲೇಜ್ ನೋಡಿ. ಹೊಸದಾಗಿದ್ದರೆ ನುಣುಪಾಗಿ ಹೊಳೆಯುತ್ತದೆ, ಮುಟ್ಟಿದರೆ ತೆಳ್ಳಗೆ ಬಿರಿಯುತ್ತದೆ. ಹೊತ್ತು ಕಳೆದಂತೆ ಸಕ್ಕರೆ ತೇವ ಎಳೆದುಕೊಂಡು ಅಲ್ಲಲ್ಲಿ ಒದ್ದೆಯಾಗಿ ಬೆವರಿದಂತೆ ಕಾಣುತ್ತದೆ, ಅಥವಾ ಒಣಗಿ ಬಿಳಿ ಹೊಪ್ಪಳೆಯಾಗಿ ಏಳುತ್ತದೆ. ಎರಡೂ ಹಳೆಯದರ ಗುರುತು.

ಡೋನಟ್ ಕೆಳಗಿನ ಕಾಗದವನ್ನೂ ನೋಡಿ. ಸ್ವಲ್ಪ ಜಿಡ್ಡು ಇದ್ದೇ ಇರುತ್ತದೆ. ಆದರೆ ಕಾಗದ ಪೂರ್ತಿ ಪಾರದರ್ಶಕವಾಗಿದ್ದರೆ ಎಣ್ಣೆ ಸರಿಯಾಗಿ ಕಾದಿರಲಿಲ್ಲ. ಯೀಸ್ಟ್ ಡೋನಟ್ ಕರಿಯುವಾಗ ಎಣ್ಣೆ ಹೆಚ್ಚುಕಡಿಮೆ 175ರಿಂದ 190 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಬೇಯೋಕೆ ಹೊತ್ತು ಹಿಡಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಜಾಸ್ತಿ ಬಿಸಿ ಇದ್ದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ.

ಹೆಜ್ಜೆ 6: ಕೌಂಟರ್ ಮುಂದೆ

ಒಂದೇ ಒಂದು ಪ್ರಶ್ನೆ ಕೇಳಿ: "ಈಗ ತಾನೇ ಬಂದಿದ್ದು ಯಾವುದು?" ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಎಲ್ಲಾನೂ ಚೆನ್ನಾಗಿದೆ ಅನ್ನುತ್ತಾರೆ, ಅವರು ಇನ್ನೇನು ಹೇಳೋಕೆ ಸಾಧ್ಯ? ಈಗ ಬಂದಿದ್ದು ಯಾವುದು ಅಂದರೆ ನೇರ ಉತ್ತರ ಬರುತ್ತದೆ. ಎಷ್ಟೋ ಸಲ "ಎರಡು ನಿಮಿಷ ನಿಲ್ಲಿ, ಗ್ಲೇಜ್ ಆರ್ತಿದೆ" ಅನ್ನುತ್ತಾರೆ. ನಿಲ್ಲಿ. ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಟ್ಟು ನಿಲ್ಲಿ, ಆದರೆ ನಿಲ್ಲಿ.

ಇಬ್ಬರು ಹೋಗಿದ್ದರೆ ಮೂರು ತಗೊಳ್ಳಿ: ಒಂದು ಗ್ಲೇಜ್, ಒಂದು ಓಲ್ಡ್ ಫ್ಯಾಷನ್ಡ್, ಮತ್ತೆ ಅವತ್ತು ಹೊಸದಾಗಿ ಬಂದದ್ದು ಯಾವುದೋ ಅದು. ಹಂಚಿಕೊಂಡು ತಿನ್ನಿ. ಮನೆಗೆ ಡಜನ್ ಒಯ್ಯುವುದಾದರೆ ಅರ್ಧ ಸಾದಾ ಇರಲಿ, ಅವು ಮೊದಲು ಖಾಲಿಯಾಗೋದು. ಕೆಲವು ಕಡೆ ಅರ್ಧ ಡಜನ್, ಡಜನ್ ತಗೊಂಡರೆ ಬಿಡಿಯಾಗಿ ತಗೊಳ್ಳುವುದಕ್ಕಿಂತ ಅಗ್ಗ ಬೀಳುತ್ತದೆ, ಹನ್ನೆರಡಕ್ಕೆ ಹದಿಮೂರು ಕೊಡುವವರೂ ಇದ್ದಾರೆ. ಆದರೆ ಅಗ್ಗ ಅಂತ ಹೇಳಿ ಮೂರು ಜನ ಇರುವ ಮನೆಗೆ ಹನ್ನೆರಡು ಒಯ್ಯಬೇಡಿ. ಮರುದಿನದ ಡೋನಟ್ ಮೊದಲ ದಿನದ ಕಾಲು ಭಾಗವೂ ಅಲ್ಲ.

ಆರ್ಡರ್ ಹೇಳುವಾಗ ಒಂದೇ ಥರದವನ್ನು ಒಟ್ಟಿಗೆ ಹೇಳಿ. "ಗ್ಲೇಜ್ ನಾಲ್ಕು, ಚಾಕೊಲೇಟ್ ಎರಡು, ಜ್ಯಾಮ್ ಎರಡು." ಹಾಗೆ ಹೇಳಿದರೆ ಬಾಕ್ಸ್ ತುಂಬುವವರಿಗೆ ಆ ಕಡೆ ಈ ಕಡೆ ಓಡಾಟ ತಪ್ಪುತ್ತದೆ. ಕೇಳಿದ್ದು ಮುಗಿದಿದ್ದರೆ ಅದಕ್ಕೆ ಅವರ ಮೇಲೆ ರೇಗಬೇಡಿ. ರಾತ್ರಿ ಒಂದಕ್ಕೆ ಎದ್ದು ಬಂದವರು ಅವರು.

ಹೆಜ್ಜೆ 7: ಒಯ್ಯೋದು

ಬಿಸಿ ಡೋನಟ್ ಬಾಕ್ಸಿಗೆ ಹಾಕಿ ಮುಚ್ಚಳ ಮುಚ್ಚಿದರೆ ಹಬೆ ಒಳಗೇ ತಿರುಗಿ, ಮುಚ್ಚಳದಿಂದ ಹನಿಯಾಗಿ ಇಳಿದು ಗ್ಲೇಜ್ ಕರಗಿಸುತ್ತದೆ. ಹತ್ತು ನಿಮಿಷದಲ್ಲಿ ಒಳ್ಳೆಯ ಡೋನಟ್ ಅಂಟಂಟಾಗುತ್ತದೆ. ಬಿಸಿ ಇರುವಷ್ಟು ಹೊತ್ತು ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಡಿ. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ.

ಸಕ್ಕರೆ ಪುಡಿ ಉದುರಿಸಿದವನ್ನು ಬೇರೆ ಕಾಗದದ ಚೀಲದಲ್ಲಿ ಕೇಳಿ ತಗೊಳ್ಳಿ. ಇಲ್ಲದಿದ್ದರೆ ಚಾಕೊಲೇಟ್ ಡೋನಟ್ ಮೇಲೆಲ್ಲ ಬಿಳಿ, ಪುಡಿ ಡೋನಟ್ ಮೇಲೆಲ್ಲ ಕಂದು.

ಕಾರಿನಲ್ಲಾದರೆ ಬಾಕ್ಸನ್ನು ಸೀಟಿನ ಮೇಲೆ ಇಡಬೇಡಿ. ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ, ಮೊದಲ ಬ್ರೇಕಿಗೇ ಎಲ್ಲ ಒಂದು ಮೂಲೆ ಸೇರುತ್ತವೆ. ಕೆಳಗೆ, ಕಾಲಿಡುವ ಜಾಗದಲ್ಲಿ ಸಮತಟ್ಟಾಗಿ ಇಡಿ. ದ್ವಿಚಕ್ರದಲ್ಲಾದರೆ ಹಿಂದೆ ಕೂತವರ ಮಡಿಲೇ ಸರಿ. ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ಅದರಲ್ಲೂ ಕಸ್ಟರ್ಡ್ ಇದ್ದರೆ. ಬೇರೆ ಕೆಲಸ ಮುಗಿಸಿಕೊಂಡು ಕೊನೆಗೆ ಅಂಗಡಿಗೆ ಹೋಗೋದು ಒಳ್ಳೆಯದು ಅನ್ನಿಸಬಹುದು, ಆದರೆ ಆಗ ಹೊತ್ತಾಗಿರುತ್ತದೆ. ಬೇಗ ಹೋಗಿ, ತಗೊಂಡು ನೇರ ಮನೆಗೆ ಬನ್ನಿ.

ಹೆಜ್ಜೆ 8: ತಿನ್ನೋದು, ಉಳಿಸೋದು

ಸಾಧ್ಯವಾದರೆ ಒಂದನ್ನಾದರೂ ಅಂಗಡಿಯಲ್ಲೇ ತಿನ್ನಿ. ಎಷ್ಟೇ ಹತ್ತಿರ ಮನೆ ಇದ್ದರೂ ಆ ಬಿಸಿ ಮನೆವರೆಗೆ ಬರೋದಿಲ್ಲ. ಜೊತೆಗೆ ಕುಡಿಯೋಕೆ ಸಕ್ಕರೆ ಇಲ್ಲದ ಕಾಫಿ, ಟೀ ಅಥವಾ ತಣ್ಣನೆ ಹಾಲು ಇರಲಿ. ಸಿಹಿ ಪಾನೀಯ ಕುಡಿದರೆ ಡೋನಟ್ ಸಪ್ಪೆ ಅನ್ನಿಸುತ್ತದೆ. ಬಹಳ ಥರ ರುಚಿ ನೋಡಬೇಕಿದ್ದರೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ನಾಲ್ಕು ಭಾಗ ಮಾಡಿ, ಒತ್ತದೆ ಗರಗಸದಂತೆ ಎಳೆದು ಕೊಯ್ಯಿರಿ. ಸಾದಾ ಚಾಕು ಒತ್ತಿದರೆ ಯೀಸ್ಟ್ ಡೋನಟ್ ಚಪ್ಪಟೆಯಾಗಿ ಮತ್ತೆ ಏಳೋದಿಲ್ಲ. ತಿನ್ನುವ ಕ್ರಮ ಸಾದಾದಿಂದ ಶುರುವಾಗಲಿ, ಚಾಕೊಲೇಟ್, ಕ್ರೀಂ ಕೊನೆಗೆ.

ಉಳಿದವನ್ನು ಫ್ರಿಜ್‌ನಲ್ಲಿಡೋದು ಎಲ್ಲರೂ ಮಾಡುವ ಕೆಲಸ, ಅದೇ ಅದನ್ನು ಬೇಗ ಹಾಳುಮಾಡೋದು. ಬೆಂದ ಹಿಟ್ಟಿನಲ್ಲಿರುವ ಪಿಷ್ಟ ತಣ್ಣಗಾದಂತೆ ಮತ್ತೆ ಗಟ್ಟಿಯಾಗುತ್ತದೆ, ಫ್ರಿಜ್‌ನ ತಂಪಿನಲ್ಲಿ ಅದು ಹೊರಗಿಗಿಂತ ವೇಗವಾಗಿ ನಡೆಯುತ್ತದೆ. ಸಾದಾ, ಗ್ಲೇಜ್, ಕೇಕ್ ಡೋನಟ್‌ಗಳನ್ನು ಹೊರಗೇ ಮುಚ್ಚಿದ ಡಬ್ಬಿಯಲ್ಲಿಡಿ, ಮರುದಿನದೊಳಗೆ ಮುಗಿಸಿ. ಕಸ್ಟರ್ಡ್, ಹಾಲಿನ ಕ್ರೀಂ ಇರುವವಕ್ಕೆ ಈ ಮಾತು ಅನ್ವಯಿಸೋದಿಲ್ಲ. ಅವು ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು. ಬಿಸಿಲು ಜೋರಿದ್ದರೆ ಅಷ್ಟೂ ಬೇಡ. ಗಟ್ಟಿಯಾದರೂ ಪರವಾಗಿಲ್ಲ, ಫ್ರಿಜ್‌ನಲ್ಲೇ ಇರಲಿ.

ಬಿಸಿ ಮಾಡುವಾಗ ಗ್ಲೇಜ್ ಹಾಕಿದ ಯೀಸ್ಟ್ ಡೋನಟ್‌ಗೆ ಮೈಕ್ರೋವೇವ್‌ನಲ್ಲಿ ಎಂಟರಿಂದ ಹತ್ತು ಸೆಕೆಂಡ್ ಸಾಕು. ಅರ್ಧ ನಿಮಿಷ ಇಟ್ಟರೆ ರಬ್ಬರ್. ಬಿಸಿಯಾದದ್ದನ್ನು ಕೂಡಲೇ ತಿನ್ನಬೇಕು, ಆರಿದರೆ ಮೊದಲಿಗಿಂತ ಗಟ್ಟಿ. ಕೇಕ್ ಡೋನಟ್‌ಗೆ ಓವನ್ ಒಳ್ಳೆಯದು, 175 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ಅಂಚು ಮತ್ತೆ ಗರಿಗರಿಯಾಗುತ್ತದೆ. ಜ್ಯಾಮ್ ತುಂಬಿದ್ದನ್ನು ಮೈಕ್ರೋವೇವ್‌ಗೆ ಹಾಕಲೇಬೇಡಿ. ಹೊರಗೆ ಬೆಚ್ಚಗಿರುವಾಗಲೇ ಒಳಗಿನ ಸಕ್ಕರೆ ಪಾಕ ಬಾಯಿ ಸುಡುವಷ್ಟು ಕಾದಿರುತ್ತದೆ, ಮಕ್ಕಳಿಗೆ ಕೊಡುವಾಗ ಇದು ನಿಜವಾಗಿಯೂ ಅಪಾಯ.

ಜಾಸ್ತಿ ದಿನ ಇಡಬೇಕು ಅಂದರೆ ಫ್ರೀಜರ್. ಮೇಲೆ ಏನೂ ಬಳಿಯದ ಕೇಕ್ ಡೋನಟ್‌ಗಳು ಇದಕ್ಕೆ ಸರಿಹೋಗುತ್ತವೆ. ತಂದ ದಿನವೇ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಗಾಳಿ ತೆಗೆದ ಚೀಲದಲ್ಲಿ ಹಾಕಿ. ಬೇಕಾದಾಗ ಸುತ್ತಿದ ಹಾಗೇ ಹೊರಗಿಟ್ಟು ಕರಗಿದ ಮೇಲೆ ಓವನ್‌ಗೆ ಹಾಕಿ. ಗ್ಲೇಜ್ ಹಾಕಿದ್ದನ್ನು ಫ್ರೀಜ್ ಮಾಡಿದರೆ ಕರಗುವಾಗ ಸಕ್ಕರೆ ನೀರಾಗುತ್ತದೆ. ತಿನ್ನಬಹುದು, ನೋಡೋಕೆ ಚೆನ್ನಾಗಿರೋದಿಲ್ಲ ಅಷ್ಟೆ.

ಮರುದಿನ ಗ್ಲೇಜ್ ಡೋನಟ್ ಒಂದೆರಡು ಉಳಿದಿದ್ದರೆ ಅಡ್ಡಕ್ಕೆ ಸೀಳಿ, ತವಾ ಮೇಲೆ ಚೂರು ಬೆಣ್ಣೆ ಹಾಕಿ ಕೊಯ್ದ ಬದಿಯನ್ನು ಕೆಳಗೆ ಮಾಡಿ ಸಣ್ಣ ಉರಿಯಲ್ಲಿ ಕಾಯಿಸಿ. ಒಂದು ನಿಮಿಷದಲ್ಲಿ ಆ ಬದಿ ಕೆಂಪಾಗುತ್ತದೆ. ಮಗುಚಿದರೆ ಗ್ಲೇಜ್ ಕರಗಿ ತವಾಕ್ಕೆ ಹತ್ತುತ್ತದೆ, ಆದ್ದರಿಂದ ಮಗುಚುವುದಾದರೆ ಕೆಲವೇ ಸೆಕೆಂಡ್, ಸಕ್ಕರೆ ಕಂದಾಗುವಷ್ಟು ಮಾತ್ರ. ಹಾಗೇ ತಟ್ಟೆಗೆ ಎತ್ತಿ, ಒಂದು ನಿಮಿಷ ಆರಲು ಬಿಟ್ಟು ತಿನ್ನಿ. ಕರಗಿದ ಸಕ್ಕರೆ ನಾಲಗೆ ಸುಡುತ್ತದೆ.